ಹಿಂದಿನ ಚಕ್ರ ಅಲ್ಲಾಡ್ತದಾ? ಸ್ಪ್ಯಾನರ್ ತೆಗೆಯುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಕಳೆದ ಮಳೆಗಾಲ ಮುಗಿದ ಮೇಲೆ ಬ್ಯಾಂಕಲ್ಲಿ ಕೆಲಸ ಮಾಡುವ ಒಬ್ರು ಸೈಕಲ್ ತಳ್ಳಿಕೊಂಡು ಉಡುಪಿಯ ನನ್ನ ಅಂಗಡಿಗೆ ಬಂದ್ರು. 21 ಗೇರಿನ ಎಂಟಿಬಿ, ಅಂದ್ರೆ ಮೌಂಟನ್ ಬೈಕ್, ನೋಡ್ಲಿಕ್ಕೆ ಫಸ್ಟ್ ಕ್ಲಾಸ್ ಉಂಟು. "ಹಿಂದಿನ ಚಕ್ರ ಲೂಸ್ ಮಾರಾಯ್ರೆ, ಎಷ್ಟು ಟೈಟ್ ಮಾಡಿದ್ರೂ ಎರಡು ದಿವಸ, ಪುನಃ ಅಲ್ಲಾಡ್ತದೆ" ಅಂದ್ರು. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಿ ಹಾಕುವ ಕ್ವಿಕ್ ರಿಲೀಸ್ ಲಿವರನ್ನು ಬಗ್ಗಿ ಹೋಗುವಷ್ಟು ಒತ್ತಿ ಹಾಕಿದ್ದಾರೆ. ಅದನ್ನು ಬಿಚ್ಚಿ ಒಳಗಿನ ಸಪೂರ ಸರಳು ಎಳೆದದ್ದೇ ತಡ, ಆಕ್ಸಲಿನ, ಅಂದ್ರೆ ಚಕ್ರದ ನಡುವಿನ ಟೊಳ್ಳು ಅಚ್ಚಿನ, ಅರ್ಧ ತುಂಡು ನನ್ನ ಕೈಗೆ ಬಂತು. ತುಂಡಾಗಿ ಎಷ್ಟು ದಿವಸ ಆಗಿತ್ತೋ ಏನೋ, ಆ ಸಪೂರ ಸರಳಿನ ಬಲದಲ್ಲೇ ಇವರು ದಿನಾ ಮಣಿಪಾಲದ ಏರು ಹತ್ತಿ ಇಳೀತಾ ಇದ್ರು. ತುಂಡಾದ ಜಾಗ ನೋಡಿದ್ರೆ ಮುಕ್ಕಾಲು ಭಾಗ ಕಂದು ಕಪ್ಪು, ಒಂದು ಬದಿ ಮಾತ್ರ ಉಗುರಿನಷ್ಟು ಬೆಳ್ಳಗೆ ಹೊಳೀತಿತ್ತು. ಕಪ್ಪಾದದ್ದು ಹಳೆ ಬಿರುಕು, ನೀರು ಗ್ರೀಸು ಒಳಗೆ ಹೋಗಿ ಬಣ್ಣ ತಿರುಗಿದ್ದು, ಬೆಳ್ಳಗಿದ್ದದ್ದು ಕೊನೆಗೆ ಪಟ್ ಅಂತ ಹೋದದ್ದು.

ಚಕ್ರ ಲೂಸ್ ಅಂದ್ರೆ ಎಲ್ಲರೂ ಮಾಡುದು ಇದನ್ನೇ, ಹೊರಗೆ ಕಾಣುವ ನಟ್ಟೋ ಲಿವರೋ ಇನ್ನಷ್ಟು ಬಿಗಿ ಮಾಡುದು. ಆದ್ರೆ ಲೂಸ್ ಅನ್ನುದು ನಾಲ್ಕೈದು ಕಡೆ ಇರಬಹುದು, ಎಲ್ಲಿ ಅಂತ ಗೊತ್ತಾಗದೆ ಬಿಗಿ ಮಾಡಿದ್ರೆ ಒಳ್ಳೆಯದಿದ್ದದ್ದೂ ಹಾಳಾಗ್ತದೆ.

ಮೊದಲು ಹೀಗೆ ಮಾಡಿ. ಸೈಕಲ್ ನಿಲ್ಲಿಸಿ, ಒಂದು ಕೈಯಲ್ಲಿ ಫ್ರೇಮ್ ಗಟ್ಟಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಟಯರ್ ಹಿಡಿದು ಎಡ ಬಲ ಅಲ್ಲಾಡಿಸಿ, ಕಣ್ಣು ಮಾತ್ರ ಟಯರಿನ ಮೇಲೆ ಬೇಡ, ಮಧ್ಯದಲ್ಲಿ ಕಡ್ಡಿಗಳು ಬಂದು ಸೇರುವ ಹಬ್ಬಿನ ಮೇಲೆ ಇರ್ಲಿ. ಆಕ್ಸಲಿನ ತುದಿಯೇ ಫ್ರೇಮಿನ ಸೀಳಿನಲ್ಲಿ ಸರೀತಾ ಉಂಟು ಅಂತಾದ್ರೆ ನಟ್ ಅಥವಾ ಕ್ವಿಕ್ ರಿಲೀಸ್ ಲೂಸ್. ಆಕ್ಸಲ್ ಕದಲುದಿಲ್ಲ, ಹಬ್ ಮಾತ್ರ ಟಕ್ ಟಕ್ ಅಂತ ಆಡ್ತದೆ ಅಂದ್ರೆ ಒಳಗಿನ ಕೋನ್, ಅಂದ್ರೆ ಬೇರಿಂಗಿನ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟಿನಂಥದ್ದು, ಲೂಸ್. ಎರಡೂ ಇಲ್ಲ, ಚಕ್ರ ತಿರುಗಿಸಿದ್ರೆ ಒಂದೇ ಜಾಗದಲ್ಲಿ ರಿಮ್ ಬ್ರೇಕಿಗೆ ತಾಗ್ತದೆ ಅಂದ್ರೆ ಅದು ಕಡ್ಡಿಯ ಕೆಲಸ. ಮತ್ತೆ ಹಿಂದೆಯೂ ಶಾಕ್ ಇರುವ ಸೈಕಲ್ ಆದ್ರೆ ಹಿಂದಿನ ಫ್ರೇಮೇ ಪೂರ್ತಿ ಅಲ್ಲಾಡ್ತಾ ಇರಬಹುದು, ಜಾಯಿಂಟಿನ ಬುಷ್ ತಿಂದು ಹೋದ್ರೆ ಹಾಗಾಗ್ತದೆ, ಚಕ್ರದ್ದೇನೂ ತಪ್ಪಿಲ್ಲ. ಕಡಿಮೆ ರೇಟಿನ ಡಬಲ್ ಶಾಕ್ ಸೈಕಲ್ ಮಕ್ಕಳಿಗೆ ತೆಗೆದು ಕೊಡುವವರಿಗೆ ನಾನು ಬೇಡ ಅಂತಲೇ ಹೇಳುದು, ಕೇಳುವವರು ಕಡಿಮೆ.

ಕ್ವಿಕ್ ರಿಲೀಸ್ ಅರ್ಧಕ್ಕರ್ಧ ಜನರಿಗೆ ಹಾಕ್ಲಿಕ್ಕೇ ಗೊತ್ತಿಲ್ಲ. ಲಿವರನ್ನು ರೆಕ್ಕೆ ನಟ್ಟಿನ ಹಾಗೆ ಗಿರಗಿರ ತಿರುಗಿಸಿ ಬಿಗಿ ಮಾಡ್ತಾರೆ. ಅದು ತಿರುಗಿಸುವ ಲಿವರ್ ಅಲ್ಲ, ಮಡಚುವ ಲಿವರ್. ಲಿವರ್ ತೆರೆದಿಟ್ಟು ಎದುರು ಬದಿಯ ನಟ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬನ್ನಿ, ಮಡಚುವಾಗ ಲಿವರ್ ನೇರ ಹೊರಗೆ ಚಾಚಿ ನಿಂತಲ್ಲಿಂದ ಬಿಗಿ ಶುರುವಾಗ್ಬೇಕು, ಪೂರ್ತಿ ಮಡಚಿದಾಗ ಅಂಗೈಯಲ್ಲಿ ಅದರ ಅಚ್ಚು ಕೂರ್ಬೇಕು. ಒಳಗೆ ಎರಡು ಸಣ್ಣ ಸ್ಪ್ರಿಂಗ್ ಉಂಟಲ್ಲ, ಅದರ ಸಪೂರ ಬದಿ ಹಬ್ಬಿನ ಕಡೆಗೆ. ಉಲ್ಟಾ ಹಾಕಿದ್ರೆ ಅಡ್ಡ ಕೂತು ಸರಿ ಬಿಗಿಯಾಗುದಿಲ್ಲ.

ಇನ್ನು ಕೋನ್. ನಮ್ಮ ಊರಲ್ಲಿ ಅಲ್ಲಾಡುವ ಹಿಂದಿನ ಚಕ್ರ ಅಂದ್ರೆ ಹೆಚ್ಚಿನದ್ದು ಇದೇ. ಜೂನಿಂದ ಸೆಪ್ಟೆಂಬರ್ ತನಕ ಹೊಯ್ಯುವ ಮಳೆ ಒಂದು ಕಡೆ, ಭಾನುವಾರ ಬೆಳಿಗ್ಗೆ ಮಲ್ಪೆ ಬೀಚಿನ ಒದ್ದೆ ಮರಳಲ್ಲಿ ಸೈಕಲ್ ಓಡಿಸುದು ಇನ್ನೊಂದು ಕಡೆ, ಉಪ್ಪು ನೀರು ಹಬ್ಬಿನೊಳಗೆ ಹೋದ್ರೆ ಗ್ರೀಸ್ ತೊಳೆದು ಹೋಗಿ ಕೆಂಪು ಗಂಜಿ ಆಗ್ತದೆ. ಅದರ ಮೇಲೆ ಕಾರ್ ತೊಳೆಯುವಲ್ಲಿಗೆ ಒಯ್ದು ಪ್ರೆಶರ್ ಗನ್ನಲ್ಲಿ ನೀರು ಬಿಡಿಸ್ತಾರೆ. ಹಬ್ಬಿಗೆ ನೇರ ಹೊಡೆದ್ರೆ ಸೀಲಿನ ಒಳಗೂ ನೀರು ನುಗ್ಗುತ್ತದೆ ಮಾರಾಯ್ರೆ, ಬಕೆಟ್ಟು ಮಗ್ಗು ಸಾಕು.

ಇದಕ್ಕೆ ಬೇಕಾದ್ದು ತೆಳ್ಳಗಿನ ಕೋನ್ ಸ್ಪ್ಯಾನರ್, ಹಿಂದಿನ ಹಬ್ಬಿಗೆ ಹೆಚ್ಚಾಗಿ 15 ಎಂಎಂ, ಅದರ ಹೊರಗಿನ ಲಾಕ್ ನಟ್ಟಿಗೆ 17 ಎಂಎಂ ಸಾದಾ ಸ್ಪ್ಯಾನರ್ ನಡೀತದೆ. ಚೈನನ್ನು ಅತಿ ಸಣ್ಣ ಗೇರಿಗೆ ಇಳಿಸಿ ಚಕ್ರ ತೆಗೆಯಿರಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ರೆ ಚಕ್ರ ಇಲ್ಲದಾಗ ಬ್ರೇಕ್ ಒತ್ತಬೇಡಿ, ಪ್ಯಾಡುಗಳ ನಡುವೆ ಒಂದು ರಟ್ಟಿನ ತುಂಡು ಸಿಕ್ಕಿಸಿಡಿ. ಕೆಲಸ ಎಲ್ಲ ಎಡ ಬದಿಯಲ್ಲಿ, ಚೈನ್ ಬದಿಯ ಕೋನನ್ನು ಮುಟ್ಟುದು ಬೇಡ, ಅದರ ಲಾಕ್ ನಟ್ ಬಿಗಿ ಉಂಟಾ ಅಂತ ನೋಡಿದ್ರೆ ಸಾಕು. ಎಡಗಡೆ ಕೋನನ್ನು 15ರಲ್ಲಿ ಹಿಡ್ಕೊಂಡು ಲಾಕ್ ನಟ್ ಸಡಿಲ ಮಾಡಿ, ಕೋನನ್ನು ಎಂಟನೇ ಒಂದು ಸುತ್ತಿನಷ್ಟು ಮಾತ್ರ ಒಳಗೆ ತಿರುಗಿಸಿ, ಪುನಃ ಲಾಕ್ ನಟ್ ಬಿಗಿ ಮಾಡಿ, ಆಕ್ಸಲನ್ನು ಬೆರಳಲ್ಲಿ ತಿರುಗಿಸಿ ನೋಡಿ. ಲಾಕ್ ನಟ್ ಬಿಗಿ ಮಾಡುವಾಗ ನೀವು ಇಟ್ಟ ಲೆಕ್ಕ ಸ್ವಲ್ಪ ತಪ್ಪುತ್ತದೆ, ಹಾಗಾಗಿ ಒಂದೇ ಸಲಕ್ಕೆ ಸರಿ ಬರುದಿಲ್ಲ, ಮೂರು ನಾಲ್ಕು ಸಲ ಮಾಡ್ಬೇಕು, ನನಗೂ ಹಾಗೆಯೇ.

ಇಲ್ಲೊಂದು ಸೂಕ್ಷ್ಮ ಉಂಟು. ಕ್ವಿಕ್ ರಿಲೀಸ್ ಹಬ್ ಆದ್ರೆ ಚಕ್ರ ಕೈಯಲ್ಲಿರುವಾಗ ಇಷ್ಟೇ ಇಷ್ಟು ಪ್ಲೇ, ಅಂದ್ರೆ ಅಲ್ಲಾಟ, ಉಳಿಸ್ಬೇಕು, ಯಾಕಂದ್ರೆ ಲಿವರ್ ಮಡಚಿದಾಗ ಆ ಟೊಳ್ಳು ಆಕ್ಸಲ್ ಕೂದಲೆಳೆಯಷ್ಟು ಒತ್ತಿಕೊಳ್ತದೆ, ಪ್ಲೇ ಅಲ್ಲಿಗೆ ಮಾಯ. ಕೈಯಲ್ಲಿರುವಾಗಲೇ ಸರಿ ಮಾಡಿ ಹಾಕಿದ್ರೆ ಫ್ರೇಮಿಗೆ ಕೂತ ಮೇಲೆ ಅತಿ ಬಿಗಿ. ನಟ್ಟಿನ ಗಟ್ಟಿ ಆಕ್ಸಲಿಗೆ ಈ ಲೆಕ್ಕ ಇಲ್ಲ, ಅಲ್ಲಿ ಪ್ಲೇ ಉಳಿಸುದು ಬೇಡ. ಅಂಗಡಿ ಹಾಕಿದ ಹೊಸತರಲ್ಲಿ ನನಗೆ ಇದು ಗೊತ್ತಿರ್ಲಿಲ್ಲ. ಒಬ್ಬ ಹಾಸ್ಟೆಲ್ ಹುಡುಗನ ಸೈಕಲಿಗೆ ಒಂಚೂರೂ ಅಲ್ಲಾಡದ ಹಾಗೆ ಬಿಗಿ ಮಾಡಿ ಕೊಟ್ಟೆ, ದೊಡ್ಡ ಕೆಲಸ ಮಾಡಿದೆ ಅಂತ ಖುಷಿ ಬೇರೆ. ಎರಡು ತಿಂಗಳಲ್ಲಿ ವಾಪಸ್ ಬಂದ, ಚಕ್ರ ತಿರುಗಿಸಿದ್ರೆ ಜಲ್ಲಿ ಅರೆದ ಹಾಗೆ ಶಬ್ದ, ಕೋನಿನ ಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿ ಗುಳಿ. ನನ್ನ ಕೈಯಿಂದಲೇ ಹೊಸ ಕೋನ್ ಹಾಕಿ ಕೊಟ್ಟೆ.

ಎಷ್ಟು ಸರಿ ಮಾಡಿದ್ರೂ ಗರಗರ ಅಂತದೆ ಅಂದ್ರೆ ಬಿಚ್ಚಲೇಬೇಕು. ಕೆಳಗೆ ಅಗಲದ ಬಟ್ಟಲು ಇಟ್ಕೊಳ್ಳಿ, ಬಾಲ್ಸ್ ಉರುಳಿ ಮಂಚದಡಿಗೆ ಹೋದ್ರೆ ಆಮೇಲೆ ಹುಡುಕ್ತಾ ಕೂರ್ಬೇಕು. ಎಡಗಡೆಯ ಲಾಕ್ ನಟ್ಟು, ಕೋನು ಪೂರ್ತಿ ತೆಗೆದು ಆಕ್ಸಲನ್ನು ಚೈನ್ ಬದಿಗೆ ಎಳೆಯಿರಿ. ಹಿಂದಿನ ಹಬ್ಬಿಗೆ ಸಾಮಾನ್ಯ ಒಂದೊಂದು ಬದಿಗೆ 9 ಬಾಲ್ಸ್, 1/4 ಇಂಚಿನದ್ದು. ಹಳೆಯದು ಹೊಳೀತಾ ಉಂಟು ಅಂತ ಪುನಃ ಹಾಕ್ಬೇಡಿ, ಹೊಸತು ಅಂಥ ದೊಡ್ಡ ರೇಟಿನದ್ದಲ್ಲ. ಚಿಮಿಣಿ ಎಣ್ಣೆ ಈಗ ಎಲ್ಲಿ ಸಿಗ್ತದೆ, ಡೀಸೆಲಲ್ಲಿ ತೊಳೆದು ಒರೆಸಿ ಗ್ರೀಸ್ ತುಂಬಿಸಿ. ತೆಂಗಿನೆಣ್ಣೆ ಹಾಕುವವರೂ ಇದ್ದಾರೆ, ಅದು ತಲೆಗೆ ಆಯ್ತಾ. ಹಬ್ಬಿನ ಒಳಗೆ ಬಾಲ್ಸ್ ಕೂರುವ ಬಟ್ಟಲಿನಂಥ ಕಪ್ ಉಂಟಲ್ಲ, ಅದೇ ಗುಳಿ ಬಿದ್ದಿದ್ರೆ ಮಾತ್ರ ಹಬ್ಬಿನ ಕಥೆ ಮುಗೀತು, ಕೋನ್ ಬದಲಾಯಿಸಿದ ಹಾಗೆ ಅದನ್ನು ಮನೆಯಲ್ಲಿ ಬದಲಾಯಿಸ್ಲಿಕ್ಕೆ ಆಗುದಿಲ್ಲ. ಈಗಿನ ಹೆಚ್ಚು ರೇಟಿನ ಸೈಕಲುಗಳಲ್ಲಿ ಫ್ರೇಮಿನ ತೂತಿನಿಂದಲೇ ಹಾದು ಹೋಗುವ ದಪ್ಪ ಥ್ರೂ ಆಕ್ಸಲ್, ಸೀಲ್ಡ್ ಬೇರಿಂಗ್ ಬರ್ತದೆ, ಅದರಲ್ಲಿ ಈ ಕೋನಿನ ಆಟ ಇಲ್ಲ, ಬೇರಿಂಗ್ ಹೋದ್ರೆ ಅದನ್ನೇ ಬದಲಾಯಿಸುದು.

ಕಡ್ಡಿ ವಿಷಯ ಇನ್ನೊಮ್ಮೆ ಬರೀತೇನೆ. ಈಗ ಇಷ್ಟೇ, ಒಂದು ಕಡ್ಡಿ ಲೂಸ್ ಅಂತ ಅದನ್ನೇ ಗಿರಗಿರ ತಿರುಗಿಸಬೇಡಿ, ಕಾಲು ಸುತ್ತಿನ ಮೇಲೆ ಹೋಗಬೇಡಿ.

ಬ್ಯಾಂಕಿನವರ ಆಕ್ಸಲ್ ಯಾಕೆ ತುಂಡಾಯ್ತು ಅಂದ್ರೆ, 21 ಗೇರಿನ ಇಂಥ ಸೈಕಲುಗಳಲ್ಲಿ ಹೆಚ್ಚಾಗಿ ಫ್ರೀವೀಲ್, ಅಂದ್ರೆ ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲು, ಹಬ್ಬಿನ ಮೇಲೆ ಸ್ಕ್ರೂವಿನ ಹಾಗೆ ತಿರುಗಿಸಿ ಕೂರಿಸುವಂಥದ್ದು, ಬಲಗಡೆಯ ಬೇರಿಂಗ್ ಅದರ ಒಳಬದಿಯಲ್ಲಿ ಉಳೀತದೆ, ಅಲ್ಲಿಂದ ಫ್ರೇಮ್ ತನಕ ಆಕ್ಸಲಿಗೆ ಆಧಾರವೇ ಇಲ್ಲ. ಮೇಲಿನವರ ಭಾರ, ಗುಂಡಿಯ ಪೆಟ್ಟು ಎಲ್ಲ ಅಲ್ಲೇ ಬೀಳುದು. ಸೈಕಲಿನ ಬಿಡಿಭಾಗ ಮಾಡುವ ಜಪಾನಿನ ಶಿಮಾನೋ ಕಂಪೆನಿಯವರು 1978ರಲ್ಲಿ ಫ್ರೀವೀಲಿನ ಕೆಲಸ ಹಬ್ಬಿನಲ್ಲೇ ಸೇರಿಸಿದ ಫ್ರೀಹಬ್ ತಂದು ಆ ಬೇರಿಂಗನ್ನು ಫ್ರೇಮಿನ ಹತ್ತಿರಕ್ಕೆ ಸರಿಸಿದ್ರು, ಆದ್ರೆ ಹಳೆ ನಮೂನೆಯದ್ದು ಕಡಿಮೆ ರೇಟಿಗೆ ಆಗ್ತದೆ ಅಂತ ಈಗಲೂ ಬರ್ತಾ ಉಂಟು. ಇವರಿಗೆ ಹೊಸ ಆಕ್ಸಲ್, ಎರಡು ಕೋನ್, 18 ಬಾಲ್ಸ್ ಹಾಕಿ ಕೊಟ್ಟೆ, ಪುಣ್ಯಕ್ಕೆ ಕಪ್ ಚೆನ್ನಾಗಿತ್ತು. ವಾರ ಬಿಟ್ಟು ಬಂದ್ರು, ನಾನು ಮುಟ್ಟುವ ಮೊದಲೇ ಟಯರ್ ಹಿಡಿದು ಅಲ್ಲಾಡಿಸಿ, "ಹಬ್ಬಲ್ಲಿ ಇಷ್ಟೇ ಇಷ್ಟು ಉಂಟು ನೋಡಿ" ಅಂದ್ರು. ಹೌದು, ಇತ್ತು. ಹೊಸ ಕೋನ್ ಓಡಿ ಕೂತುಕೊಳ್ಳುವಾಗ ಅಷ್ಟು ಆಗ್ತದೆ. ಸ್ಪ್ಯಾನರ್ ಎರಡೂ ಅವರ ಕೈಗೇ ಕೊಟ್ಟೆ, ಮೂರನೇ ಸಲಕ್ಕೆ ಸರಿ ಬಂತು.