ಎರಡು ಸಲ ತಲುಪುವ ನೋವು

ಕತ್ತಲಲ್ಲಿ ನಡೆಯುವವನ ಕಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯುತ್ತದೆ. ಚುರಕ್ ಎಂದು ಒಂದು ಚುಚ್ಚು. ಆಮೇಲೆ ಸಣ್ಣ ಬಿಡುವು. 'ಅಯ್ಯೋ, ಈಗ ಬರುತ್ತೆ' ಎಂದು ಹಲ್ಲು ಕಚ್ಚಿಕೊಳ್ಳುವಷ್ಟು. ಅದರ ಹಿಂದೆಯೇ ಉರಿ ಬೆರೆತ ಮಂದ ನೋವು ಪಾದವನ್ನೆಲ್ಲ ತುಂಬಿಕೊಳ್ಳುತ್ತದೆ.

ಕತೆಯಲ್ಲಿ ನೋವನ್ನು ಬರೆಯುವವರು ಈ ಬಿಡುವನ್ನು ಗಮನಿಸಬೇಕು; ಅದಕ್ಕೆ ಕಾರಣ ನರಗಳಲ್ಲೇ ಇದೆ. ನೋವಿನ ಸುದ್ದಿ ಒಯ್ಯುವ ತಂತುಗಳು ಎರಡು ಬಗೆ. ಎ-ಡೆಲ್ಟಾ ತಂತುಗಳಿಗೆ ಮಯಲಿನ್ ಎಂಬ ತೆಳು ಹೊದಿಕೆಯಿದೆ; ಅವುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ಓಡುತ್ತದೆ. ಹೊದಿಕೆಯಿಲ್ಲದ ಸಿ ತಂತುಗಳಲ್ಲಿ 0.5ರಿಂದ 2 ಮೀಟರ್ ಅಷ್ಟೆ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರ್ ದಾರಿ. ಹಾಗಾಗಿ ಚುಚ್ಚು ಮೊದಲು ಬರುತ್ತದೆ, ಉರಿ ಒಂದು ಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಮೂಗಿಗೆ ಪೆಟ್ಟು ಬಿದ್ದರೆ ದಾರಿ ಗಿಡ್ಡ, ಎರಡೂ ಬೆರೆತೇ ಬರುತ್ತವೆ. ಕತೆಯಲ್ಲಿ ಕಾಲ್ಬೆರಳಿನ ನೋವಿಗೆ ಎರಡು ವಾಕ್ಯ ಬೇಕು, ಮೂಗಿನದಕ್ಕೆ ಒಂದು ಸಾಕು.

'ಅವನಿಗೆ ಅಸಹನೀಯ ನೋವಾಯಿತು' ಎಂದು ಬರೆದರೆ ಓದುಗನಿಗೆ ಏನೂ ಆಗುವುದಿಲ್ಲ. ಏಕೆ? ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ, ರೋಗಿ ತನ್ನ ನೋವನ್ನು ಬಣ್ಣಿಸಲು ಆರಿಸಿಕೊಳ್ಳುವ 78 ಪದಗಳಿವೆ, 20 ಗುಂಪುಗಳಲ್ಲಿ. ಅವುಗಳಲ್ಲಿ ಹತ್ತು ಗುಂಪು ಬರೀ ಅನುಭವದ ಗುಣಕ್ಕೆ ಮೀಸಲು: ಮಿಡಿತ, ಚುಚ್ಚು, ಹಿಂಡು, ಸೆಳೆತ, ಉರಿ. 'ಅಸಹನೀಯ' ಎಂಬಂಥ ಒಟ್ಟಾರೆ ಅಳತೆಯ ಮಾತುಗಳಿಗೆ ಸಿಕ್ಕಿರುವುದು ಒಂದೇ ಗುಂಪು. ನಮ್ಮ ಕತೆಗಾರರಲ್ಲಿ ಅನೇಕರು ಆ ಒಂದು ಗುಂಪಿನಲ್ಲೇ ಸಂಸಾರ ಹೂಡಿದ್ದಾರೆ.

ಕನ್ನಡಕ್ಕೆ ಈ ಬಡತನ ಇಲ್ಲವೇ ಇಲ್ಲ. ಹಲ್ಲು ಜುಮ್ಮೆನ್ನುತ್ತದೆ, ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ತರಚಿದ ಗಾಯ ಚುರುಗುಟ್ಟುತ್ತದೆ, ಮೀನಖಂಡ ಸೆಳೆಯುತ್ತದೆ. ಒಂದೊಂದು ಕ್ರಿಯಾಪದದೊಳಗೂ ಜಾಗ, ಚಲನೆ, ಲಯ ಮೂರೂ ಅಡಗಿವೆ. 'ಹಲ್ಲು ನುಲಿಯಿತು' ಎಂದು ಬರೆದು ನೋಡಿ, ಓದುಗ ನಕ್ಕುಬಿಡುತ್ತಾನೆ. ನೋವಿನ ಪದಗಳನ್ನು ಓದಿದಾಗ ನೋವನ್ನು ನಿಭಾಯಿಸುವ ಮಿದುಳಿನ ಕೆಲವು ಭಾಗಗಳೂ ಚುರುಕಾಗುವುದನ್ನು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಸ್ಕ್ಯಾನ್‌ಗಳಲ್ಲಿ ಕಂಡರು.

ಎಡವಟ್ಟಾಗುವ ಇನ್ನೊಂದು ಕಡೆ, ಜಾಗ. ಚರ್ಮದ ನೋವನ್ನು ಬೆರಳಿಟ್ಟು ತೋರಿಸಬಹುದು. ಒಳಾಂಗಗಳ ನೋವಿಗೆ ಹಾಗೆ ಗಡಿಯಿಲ್ಲ. ಹೃದಯದ ನರಗಳೂ ತೋಳಿನ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುವುದರಿಂದ ಹೃದಯಾಘಾತವಾದವನಿಗೆ ಎಡತೋಳು ಭಾರವೆನ್ನಿಸಬಹುದು. ಅಂಥ ಪಾತ್ರ ಅಂಗೈಯನ್ನೇ ಎದೆಗೆ ಒತ್ತಿಕೊಳ್ಳಲಿ, ಒಂದು ಬೆರಳಿನಿಂದ ತೋರಿಸುವುದು ಬೇಡ. ದೊಡ್ಡ ಗಾಯವಾದ ಕೂಡಲೇ ಚೀರಾಟ ಬೇಕೆಂದೂ ಇಲ್ಲ. ಅಪಾಯದ ನಡುವೆ ಮಿದುಳು ನೋವನ್ನು ತಡೆಹಿಡಿಯಬಲ್ಲದು. ಅಂಗಿಯ ತೋಳು ಯಾಕೆ ಒದ್ದೆಯಾಗಿದೆ ಎಂಬ ಗೊಂದಲವೇ ಮೊದಲು ಬರಬಹುದು.

ಇಂದ್ರಿಯಗಳ ಮೇಲೆ ಹೊರೆ ಬೀಳುವುದು ಬೇರೆಯೇ ಸಂಗತಿ. ಫ್ಯಾನಿನ ಸದ್ದು, ಬಟ್ಟೆಯ ಸ್ಪರ್ಶ ಮುಂತಾದವನ್ನು ಮಿದುಳು ಸಾಮಾನ್ಯವಾಗಿ ಹಿನ್ನೆಲೆಗೆ ತಳ್ಳುತ್ತದೆ. ಮೈಗ್ರೇನ್ ಬಂದವರಲ್ಲಿ, ಆಟಿಸಂ ಇರುವ ಅನೇಕರಲ್ಲಿ ಈ ಸೋಸುವಿಕೆ ಸಡಿಲ. ಇದನ್ನು 'ಕಿವಿಗಡಚಿಕ್ಕುವ ಗದ್ದಲ' ಎಂದು ಬರೆದರೆ ದಾರಿ ತಪ್ಪಿದಂತೆ. ಸದ್ದು ಏರಿಲ್ಲ, ಎಲ್ಲವೂ ಒಂದೇ ಎತ್ತರಕ್ಕೆ ಬಂದು ನಿಂತಿವೆ. ಹೀಗೆ ಬರೆದು ನೋಡಬಹುದು:

'ಫ್ಯಾನು ಟಕ್ ಅನ್ನುತ್ತಿದೆ. ಕಾಲರಿನ ಚೀಟಿ ಕೆರೆಯುತ್ತಿದೆ. ಯಾರೋ ಹೆಸರು ಕರೆದರು. ಟ್ಯೂಬ್‌ಲೈಟು ಗುಂಯ್. ತಟ್ಟೆ, ಚಮಚ. ಮತ್ತೆ ಟಕ್.'

ಹೆಸರು ಕರೆದದ್ದಕ್ಕೂ ಫ್ಯಾನಿಗೂ ಇಲ್ಲಿ ಸಮಪಾಲು. 'ಕೇಳಿ, ತಿರುಗಿ, ನೋಡಿ, ಎದ್ದನು' ಎಂಬ ನಮ್ಮ ಸರಪಳಿ ವಾಕ್ಯ ತಾನಾಗಿಯೇ ಕ್ರಮ ಕಟ್ಟಿಕೊಡುತ್ತದೆ, ಅದಕ್ಕೇ ಅದನ್ನು ಇಲ್ಲಿ ಮುರಿಯಬೇಕು. 'ಆದ್ದರಿಂದ', 'ಆದರೆ'ಗಳೂ ಬೇಡ. ಆದರೆ ಆರೇಳು ವಾಕ್ಯಕ್ಕಿಂತ ಎಳೆದರೆ ಓದುಗನ ಮಿದುಳೂ ಒಗ್ಗಿಕೊಂಡು ಇವನ್ನೆಲ್ಲ ಹಿನ್ನೆಲೆಗೆ ತಳ್ಳಿಬಿಡುತ್ತದೆ. ಅಷ್ಟರೊಳಗೆ ಪಾತ್ರದ ಹಣೆಗೆ ಒಂದು ತಣ್ಣನೆಯ ಗೋಡೆ ಸಿಗಲಿ, ಉದ್ದನೆಯ ಒಂದು ವಾಕ್ಯದಲ್ಲಿ.