ರ್ಯಾಮ್‌ಗೆ ಎಷ್ಟು ವೋಲ್ಟ್? ಒಂದು ಅಂಕಿಯ ಹಿಂದಿನ ಕಥೆ

ಹೊಸ ಡಿಡಿಆರ್4 ರ್ಯಾಮ್‌ನ ಪ್ಯಾಕೆಟ್ ಮೇಲೆ ವೇಗ 3600, 1.35 ವೋಲ್ಟ್ ಅಂತ ಇರುತ್ತದೆ. ಹಾಕಿ ಆನ್ ಮಾಡಿದರೆ ಎಷ್ಟೋ ಸಲ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಪುಟದಲ್ಲಿ, ಕಾಣುವುದು 2133, 1.2 ವೋಲ್ಟ್. ರ್ಯಾಮ್ ಕೆಟ್ಟಿದೆಯಾ ಅಂತ ಗಾಬರಿ ಆಗುವುದು ಸಹಜ. ಏನೂ ಕೆಟ್ಟಿಲ್ಲ. ಪ್ಯಾಕೆಟ್ ಮೇಲಿರುವುದು ರ್ಯಾಮ್ ಕಂಪನಿ ಕೊಟ್ಟ ಮಾತು. ಮದರ್‌ಬೋರ್ಡ್ ಹಿಡಿದಿರುವುದು ಮೆಮೊರಿಗೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಲೆಕ್ಕ.

ಜೆಡೆಕ್ ಲೆಕ್ಕದಲ್ಲಿ ರ್ಯಾಮ್‌ನ ಒಂದೊಂದು ತಲೆಮಾರಿಗೂ ವೋಲ್ಟೇಜ್ ಇಳಿಯುತ್ತಲೇ ಬಂದಿದೆ. ಹಳೆಯ ಎಸ್‌ಡಿರ್ಯಾಮ್‌ಗೆ 3.3 ವೋಲ್ಟ್, ಡಿಡಿಆರ್‌ಗೆ 2.5, ಡಿಡಿಆರ್2ಗೆ 1.8, ಡಿಡಿಆರ್3ಗೆ 1.5. ಈಗಿನ ಡಿಡಿಆರ್5ಗೆ 1.1 ಸಾಕು. ಕರೆಂಟು ಉಳಿಯುತ್ತದೆ, ಬಿಸಿಯೂ ಕಡಿಮೆ. ಆದರೆ ಜಾಸ್ತಿ ವೇಗ ಬೇಕೆಂದವರು ವೋಲ್ಟೇಜ್ ಏರಿಸುತ್ತಲೇ ಇದ್ದರು.

ಡಿಡಿಆರ್2 ಕಾಲದಲ್ಲಿ ಇದು ದೊಡ್ಡ ಪೇಚಾಟ. ವೇಗದ ರ್ಯಾಮ್ ಸ್ಟಿಕ್‌ಗಳು 2.1, 2.2 ವೋಲ್ಟ್ ಕೇಳುತ್ತಿದ್ದವು, ಬೋರ್ಡ್ ಕೊಡುತ್ತಿದ್ದದ್ದು 1.8. ಕೆಲವು ಸಲ ಸ್ಕ್ರೀನ್ ಮೇಲೆ ಏನೂ ಬರುತ್ತಿರಲಿಲ್ಲ. ಬಯೋಸ್ ಒಳಗೇ ಹೋಗಲು ಆಗದಿದ್ದರೆ ವೋಲ್ಟೇಜ್ ಏರಿಸುವುದೆಲ್ಲಿ? ಬೇರೆ ಸಾದಾ ಸ್ಟಿಕ್ ಒಂದನ್ನು ಹುಡುಕಿ ಹಾಕಬೇಕು, ವೋಲ್ಟೇಜ್ ಏರಿಸಿ ಸೇವ್ ಮಾಡಬೇಕು, ಆಫ್ ಮಾಡಿ ಹೊಸ ಸ್ಟಿಕ್ ಕೂರಿಸಬೇಕು. ಈ ಗೋಳು ತಪ್ಪಿಸಲು ವೇಗ, ಟೈಮಿಂಗ್, ವೋಲ್ಟೇಜ್ ಮೂರನ್ನೂ ಸ್ಟಿಕ್‌ನಲ್ಲಿರುವ ಪುಟ್ಟ ಎಸ್‌ಪಿಡಿ ಚಿಪ್‌ನಲ್ಲೇ ಬರೆದಿಡುವ ಪದ್ಧತಿ ಬಂತು. ಹೀಗೆ ಬರೆದಿಟ್ಟದ್ದೇ ಪ್ರೊಫೈಲ್, ಬಯೋಸ್‌ನಲ್ಲಿ ಅದನ್ನು ಆನ್ ಮಾಡಿದರೆ ಆಯಿತು. 2006ರಲ್ಲಿ ಎನ್ವಿಡಿಯಾ ಮತ್ತು ಕೋರ್ಸೇರ್ ಇಪಿಪಿ ತಂದವು. 2007ರಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಬಂತು, ಅದೇ ಉಳಿದುಕೊಂಡಿತು.

ನನ್ನ ಪ್ರಕಾರ ನಿಜವಾದ ತಿರುವು 2008ರದ್ದು. ಆ ವರ್ಷ ಬಂದ ಇಂಟೆಲ್‌ನ ಮೊದಲ ಕೋರ್ ಐ7ನಲ್ಲಿ, ಅದುವರೆಗೆ ಬೋರ್ಡ್ ಮೇಲಿದ್ದ ಮೆಮೊರಿ ಕಂಟ್ರೋಲರ್, ಅಂದರೆ ರ್ಯಾಮ್ ಜೊತೆ ವ್ಯವಹರಿಸುವ ಭಾಗ, ಪ್ರೊಸೆಸರ್ ಒಳಗೆ ಸೇರಿತು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಇದನ್ನು 2003ರಲ್ಲೇ ಮಾಡಿತ್ತು. ಡಿಡಿಆರ್3ಗೆ 1.65 ವೋಲ್ಟ್ ದಾಟಿಸಿದರೆ ಪ್ರೊಸೆಸರ್‌ಗೇ ಪೆಟ್ಟು ಬೀಳಬಹುದು ಅಂತ ಇಂಟೆಲ್ ಎಚ್ಚರಿಸಿತು. 1.9 ವೋಲ್ಟ್ ಕೇಳುವ ಸ್ಟಿಕ್‌ಗಳು ಒಮ್ಮೆಲೇ ಅಪಾಯದ ಸಾಮಾನಾದವು. ರ್ಯಾಮ್ ಸೆಟ್ಟಿಂಗ್ ಅಂದರೆ ರ್ಯಾಮ್‌ಗೆ ಮಾತ್ರ ಸಂಬಂಧ ಅನ್ನುವ ಕಾಲ ಅಲ್ಲಿಗೆ ಮುಗಿಯಿತು.

ಇಷ್ಟಾದರೂ 2023ರಲ್ಲಿ ಎಎಂಡಿಯ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋದವು. ಎಕ್ಸ್‌ಎಂಪಿಯಂಥದ್ದೇ ಆದ ಎಎಂಡಿಯ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿದಾಗ ಕೆಲವು ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನೂ ತಾವಾಗಿ ಏರಿಸುತ್ತಿದ್ದವು. ಅದು ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್. ಕೊನೆಗೆ ಹೊಸ ಬಯೋಸ್ ಮೂಲಕ ಅದನ್ನು 1.3 ವೋಲ್ಟ್‌ಗೆ ಮಿತಿಗೊಳಿಸಲಾಯಿತು. ಬಳಸುವವರು ಮಾಡಿದ್ದು ಒಂದೇ ಒಂದು ಆಯ್ಕೆ, ಅದೂ ರ್ಯಾಮ್‌ನದ್ದು. ಇದರಲ್ಲಿ ಅವರ ತಪ್ಪೇನಿದೆ? ಪ್ರೊಫೈಲ್ ಆನ್ ಮಾಡಿದಾಗ ಬೇರೆ ಯಾವ ಯಾವ ವೋಲ್ಟೇಜ್ ಬದಲಾಯಿತು ಅನ್ನುವುದನ್ನು ಬೋರ್ಡ್ ಅದೇ ಪುಟದಲ್ಲಿ ತೋರಿಸಬೇಕು.

ಡಿಡಿಆರ್5ನಲ್ಲಿ ವೋಲ್ಟೇಜ್ ನಿಯಂತ್ರಿಸುವ ಚಿಪ್ ಸ್ಟಿಕ್ ಮೇಲೇ ಇದೆ. ಪ್ರೊಸೆಸರ್ ಒಳಗಿನ ಕಂಟ್ರೋಲರ್‌ನ ವೋಲ್ಟೇಜ್ ಮಾತ್ರ ಇಂದಿಗೂ ಬೋರ್ಡ್ ಕೈಯಲ್ಲೇ ಇದೆ. ಹಾಗಾಗಿ ಹೊಸ ಕಂಪ್ಯೂಟರ್ ಜೋಡಿಸುವವರು ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಪ್ರೊಫೈಲ್ ಆನ್ ಮಾಡಿ. ಮಾಡಿದ ಮೇಲೆ ಪ್ರೊಸೆಸರ್ ಕಡೆಯ ವೋಲ್ಟೇಜ್ ಎಷ್ಟಾಗಿದೆ ಅಂತಲೂ ಒಮ್ಮೆ ನೋಡಿ.