ಕಲಬುರಗಿ ಬಿಸಿಲಲ್ಲಿ ಆರ್ಚ್ ಲಿನಕ್ಸ್

ಹೊಸ ಲ್ಯಾಪ್‌ಟಾಪ್ ಆನ್ ಮಾಡುವ ಹೊತ್ತಿಗೆ ಅದರೊಳಗೆ ಸಾವಿರಾರು ತೀರ್ಮಾನಗಳು ಆಗಿಹೋಗಿರುತ್ತವೆ. ಫ್ಯಾನು ಯಾವಾಗ ಜೋರಾಗಬೇಕು, ಬ್ಯಾಟರಿ ಎಷ್ಟು ತುಂಬಬೇಕು, ಫಾಂಟಿನಲ್ಲಿ ಇಲ್ಲದ ಅಕ್ಷರ ಬಂದರೆ ಅದನ್ನು ಎಲ್ಲಿಂದ ತಂದು ತೋರಿಸಬೇಕು, ಇಂಥವು. ಇವನ್ನೆಲ್ಲ ತೀರ್ಮಾನಿಸಿದವರು ಯಾರೋ ಒಬ್ಬ ಸರಾಸರಿ ಮನುಷ್ಯನನ್ನು ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ. ಅವನ ಕೋಣೆ ತಣ್ಣಗಿದೆ. ಅವನ ಮನೆಯಲ್ಲಿ ಕರೆಂಟು ಹೋಗುವುದಿಲ್ಲ. ಅವನು ಓದುವುದು, ಬರೆಯುವುದು ಒಂದೇ ಲಿಪಿಯಲ್ಲಿ. ಅಂಥವನು ಕಲಬುರಗಿಯಲ್ಲಿ ಸಿಗುವುದು ಕಷ್ಟ.

ನಾನು ಲಿನಕ್ಸ್ ಬಳಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಆ ತೀರ್ಮಾನಗಳನ್ನು ಇದರಲ್ಲಿ ತೆಗೆದು ನೋಡಬಹುದು, ಬೇಡವಾದರೆ ಬದಲಾಯಿಸಬಹುದು. ಇನ್ನೊಂದು ಸಣ್ಣ ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಏಳನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಸುಮ್ನೆ ಗುಜರಿಗೆ ಹಾಕೋಕಾಗುತ್ತಾ?

ಲಿನಕ್ಸ್ ಕರ್ನಲ್ ಅನ್ನು 1991ರಲ್ಲಿ ಶುರು ಮಾಡಿದವರು ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್. ಯಂತ್ರದ ಬಿಡಿಭಾಗಗಳಿಗೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಕೆಲಸ ಹಂಚುವ ತಂತ್ರಾಂಶ ಅದು. ಅದರ ಜೊತೆ ಬೇಕಾಗುವ ಉಳಿದ ಸಲಕರಣೆಗಳಲ್ಲಿ ಅನೇಕ ಬಂದದ್ದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ. ಎಲ್ಲವನ್ನೂ ಸೇರಿಸಿ ಬಳಸಲು ಸಿದ್ಧ ಮಾಡಿ ಕೊಡುವುದಕ್ಕೆ ಡಿಸ್ಟ್ರೋ ಅಂತಾರೆ. ಉಬುಂಟು, ಡೆಬಿಯನ್, ಮಿಂಟ್ ಎಲ್ಲ ಅವೇ. ಆರ್ಚ್ ಕೂಡ ಒಂದು ಡಿಸ್ಟ್ರೋ. ಕೆನಡಾದ ಜಡ್ ವಿನೆಟ್ 2002ರಲ್ಲಿ ಅದನ್ನು ಹೊರತಂದರು. ಅದರ ಸ್ವಭಾವವೇ ಬೇರೆ. ನಿಮಗೆ ಏನು ಬೇಕು ಅಂತ ಅದು ಊಹಿಸಲು ಹೋಗುವುದಿಲ್ಲ. ಬರೀ ಮೂಲ ಭಾಗಗಳನ್ನು ಹಾಕಿ ಮುಗಿಸಿದರೆ ಸಿಗುವುದು ಕಪ್ಪು ಪರದೆ ಮತ್ತು ಮಿನುಗುವ ಒಂದು ಗೆರೆ. ಡೆಸ್ಕ್‌ಟಾಪ್ ಇಲ್ಲ. ವೈಫೈ ಜೋಡಿಸುವ ಪ್ರೋಗ್ರಾಂ ಕೂಡ ನೀವು ಕೇಳಿದರೆ ಮಾತ್ರ ಬರುತ್ತದೆ.

ಮೊದಲು ಬಿಸಿಲಿನ ವಿಷಯ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ದೊಡ್ಡ ಲೆಕ್ಕ. ಫ್ಯಾನು ಎಷ್ಟೇ ತಿರುಗಿದರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ನನ್ನ ಚಿಪ್ಪಿನ ಮಿತಿ 100 ಡಿಗ್ರಿ. ಅದರ ಹತ್ತಿರ ಬಂತೆಂದರೆ ಜೀವ ಉಳಿಸಿಕೊಳ್ಳಲು ಅದು ತಾನೇ ವೇಗ ಇಳಿಸುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಬಿಸಿ ಏರಲು 75 ಡಿಗ್ರಿ ಅವಕಾಶ ಇರುತ್ತದೆ. 43 ಡಿಗ್ರಿಯ ಕೋಣೆಯಲ್ಲಿ ಉಳಿಯುವುದು 57 ಮಾತ್ರ. ಕೆಲಸ ಶುರುವಾಗುವ ಮೊದಲೇ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು.

ಈ ಬಿಸಿಯನ್ನು ಲಿನಕ್ಸ್ ಫೈಲಿನ ರೂಪದಲ್ಲಿ ತೋರಿಸುತ್ತದೆ. ಸಿಸ್ ಎಂಬ ಫೋಲ್ಡರಿನ ಒಳಗೆ ಥರ್ಮಲ್ ಅಂತ ಒಂದಿದೆ. ಅಲ್ಲಿನ ಫೈಲ್ ತೆರೆದರೆ 71000 ಅಂತ ಒಂದು ಸಂಖ್ಯೆ ಕಾಣಬಹುದು. ಅಂದರೆ 71 ಡಿಗ್ರಿ. ಡಿಸ್ಕಿನಲ್ಲಿ ಹುಡುಕಿದರೆ ಅಂಥ ಫೈಲೇ ಇರುವುದಿಲ್ಲ. ನೀವು ಓದಲು ಹೋದಾಗ ಕರ್ನಲ್ ಸೆನ್ಸರನ್ನು ಕೇಳಿ ಆ ಕ್ಷಣದ ಉತ್ತರ ಬರೆದುಕೊಡುತ್ತದೆ. ಇನ್ನು ಕೆಲವು ಫೈಲುಗಳಲ್ಲಿ ನೀವೇ ಬರೆಯಬಹುದು. ಅದರಲ್ಲಿ ಒಂದು ಟರ್ಬೋಗೆ ಸಂಬಂಧಿಸಿದ್ದು. ಅದರಲ್ಲಿ 1 ಅಂತ ಬರೆದರೆ ಟರ್ಬೋ ಬಂದ್.

ಟರ್ಬೋ ಅಂದರೇನು? ನನ್ನ ಐ5-7200ಯು ಚಿಪ್ಪಿನ ಮೂಲ ವೇಗ 2.5 ಗಿಗಾಹರ್ಟ್ಸ್. ಅವಸರ ಬಿದ್ದಾಗ ಅದು 3.1ಕ್ಕೆ ಜಿಗಿಯುತ್ತದೆ. ವೇಗ ಜಾಸ್ತಿಯಾಗುವುದು ಶೇಕಡಾ 24. ಆದರೆ ಜೋರಾಗಿ ಓಡಲು ಚಿಪ್ಪಿಗೆ ವೋಲ್ಟೇಜ್ ಕೂಡ ಏರಿಸಿ ಕೊಡಬೇಕು. ಹುಟ್ಟುವ ಬಿಸಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇಕಡಾ 10 ಏರಿತು ಅಂತ ಇಟ್ಟುಕೊಳ್ಳಿ. ಆಗ 1.24ನ್ನು 1.21ರಿಂದ ಗುಣಿಸಬೇಕು, ಅಂದರೆ ಬಿಸಿ ಒಂದೂವರೆ ಪಟ್ಟು. ತಣ್ಣನೆಯ ಊರಿನಲ್ಲಿ ಇದು ಲಾಭದ ವ್ಯಾಪಾರವೇ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಆಗುವುದು ಬೇರೆ. ಚಿಪ್ ಜಿಗಿಯುತ್ತದೆ, ಬಿಸಿಯೇರುತ್ತದೆ, ವೇಗ ಬಿದ್ದುಹೋಗುತ್ತದೆ, ಮತ್ತೆ ಜಿಗಿಯುತ್ತದೆ. ಫ್ಯಾನು ಕಿರುಚುತ್ತದೆ, ಕೆಲಸ ಮಾತ್ರ ಬೇಗ ಮುಗಿಯುವುದಿಲ್ಲ.

ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವಲ್ಲ, ನನ್ನ ಲ್ಯಾಪ್‌ಟಾಪಿಗೂ ಅಂಥದೇ ಒಂದು ವೇಳಾಪಟ್ಟಿ ಹಾಕಿದ್ದೇನೆ. ಆರ್ಚ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಂಡಿಗೆ ಟೈಮರ್ ಕೊಡಬಹುದು. ಏಪ್ರಿಲ್‌ನಿಂದ ಜೂನ್‌ವರೆಗೆ ದಿನಾ 11 ಗಂಟೆಗೆ ಟರ್ಬೋ ಬಂದ್, ಸಂಜೆ ಚಾಲೂ. ತಿಂಗಳು, ಗಂಟೆ ಎಲ್ಲ ಒಂದೇ ಸಾಲಿನಲ್ಲಿ ಬರೆಯಲು ಬರುತ್ತದೆ. ವಿಂಡೋಸ್‌ನಲ್ಲೂ ಟರ್ಬೋ ನಿಲ್ಲಿಸಲು ದಾರಿ ಇದೆ, ಇಲ್ಲ ಅನ್ನಲಾರೆ. ಆದರೆ ಅದು ಎಷ್ಟೋ ಮೆನುಗಳ ಒಳಗೆ ಅಡಗಿ ಕೂತಿದೆ.

ಬ್ಯಾಟರಿಯದೂ ಇದೇ ಕಥೆ. ಲಿಥಿಯಂ ಅಯಾನ್ ಬ್ಯಾಟರಿ ಬೇಗ ಮುದಿಯಾಗುವುದು ಬಿಸಿಯಲ್ಲಿ, ಅದರಲ್ಲೂ ಪೂರ್ತಿ ತುಂಬಿಕೊಂಡು ಬಿಸಿಯಲ್ಲಿ ಕೂತಾಗ. ಇಡೀ ದಿನ ಚಾರ್ಜರಿಗೆ ಸಿಕ್ಕಿಸಿ ಇಡುವವರ ಬ್ಯಾಟರಿ ಇಲ್ಲಿ ಬೇಗ ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಲ್ಯಾಪ್‌ಟಾಪ್ ಒಪ್ಪುವಂಥದಾದರೆ ಇನ್ನೊಂದು ಫೈಲಿನಲ್ಲಿ 80 ಅಂತ ಬರೆದರೆ ಸಾಕು, ಚಾರ್ಜ್ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಕರೆಂಟು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಎರಡೂ ಕರೆಂಟು ಹೋದ ಕೂಡಲೇ ಆರಿಹೋಗುತ್ತವೆ. ಒಂದು ಫೈಲಿಗೆ ನಾಲ್ಕು ಸಾಲು ಸೇರಿಸಬೇಕಾದರೂ ಡಿಸ್ಕಿನಲ್ಲಿ ಹಲವು ಕಡೆ ಬರೆಯಬೇಕು. ಫೈಲಿನ ಉದ್ದ ಒಂದು ಕಡೆ, ಖಾಲಿ ಜಾಗದ ಲೆಕ್ಕ ಇನ್ನೊಂದು ಕಡೆ, ನಿಜವಾದ ಸಾಲುಗಳು ಮತ್ತೊಂದು ಕಡೆ. ನಡುವೆ ಕರೆಂಟು ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಅದಕ್ಕೇ ಲಿನಕ್ಸ್‌ನಲ್ಲಿ ಜಾಸ್ತಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಕಡತ ವ್ಯವಸ್ಥೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಮೊದಲು ಒಂದು ಜರ್ನಲ್‌ನಲ್ಲಿ ಏನೇನು ಬದಲಾಗಬೇಕು ಅಂತ ಬರೆದುಕೊಂಡು, ಕೊನೆಗೆ ಮುಗಿಯಿತು ಅಂತ ಗುರುತು ಹಾಕುತ್ತದೆ. ಆಮೇಲೆ ಅಸಲಿ ಜಾಗಕ್ಕೆ ಕೈ ಹಾಕುತ್ತದೆ. ಕರೆಂಟು ಬಂದ ಮೇಲೆ ಗುರುತು ಇದ್ದವನ್ನು ಮತ್ತೊಮ್ಮೆ ಮಾಡುತ್ತದೆ, ಇಲ್ಲದವನ್ನು ಬಿಟ್ಟುಬಿಡುತ್ತದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಈ ಕೆಲಸ ನಡೆಯುತ್ತದೆ. ಆದರೆ ಜರ್ನಲ್‌ಗೆ ಹೋಗುವುದು ಲೆಕ್ಕಪತ್ರ ಮಾತ್ರ, ನಿಮ್ಮ ಸಾಲುಗಳಲ್ಲ. ಸಾಲುಗಳೂ ಹೋಗಲಿ ಅಂತ ಆಯ್ಕೆ ಮಾಡಬಹುದು, ಆಗ ಎಲ್ಲವನ್ನೂ ಎರಡು ಸಲ ಬರೆದು ಡಿಸ್ಕು ನಿಧಾನವಾಗುತ್ತದೆ. ನನ್ನ ಮಟ್ಟಿಗೆ ಅದು ಬೇಡ. ಒಂದು ಚಿಕ್ಕ ಯುಪಿಎಸ್ ತರುವುದೇ ಮೇಲು.

ಆರ್ಚ್‌ನ ನಿಜವಾದ ಅಪಾಯ ಅಪ್‌ಡೇಟಿನ ನಡುವೆ ಕರೆಂಟು ಹೋಗುವುದು. ಆರ್ಚ್‌ಗೆ ಆವೃತ್ತಿ ಸಂಖ್ಯೆ ಇಲ್ಲ. ಹೊಸ ಪ್ಯಾಕೇಜುಗಳು ದಿನಾ ಹರಿದು ಬರುತ್ತಲೇ ಇರುತ್ತವೆ. ಕರ್ನಲ್ ಅರ್ಧ ಬರೆಯುವಾಗ ಯಂತ್ರ ಆರಿದರೆ ಮತ್ತೆ ಏಳುವುದಿಲ್ಲ. ಪೆನ್‌ಡ್ರೈವಿನಿಂದ ಎಬ್ಬಿಸಿ, ಒಳಗೆ ಹೋಗಿ, ಕರ್ನಲ್ ಮತ್ತೆ ಹಾಕಬೇಕು. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಕಡತ ವ್ಯವಸ್ಥೆ ಬಳಸುವವರು ಅಪ್‌ಡೇಟಿಗೆ ಮೊದಲು ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯನ್ನು ತೆಗೆದಿಡುತ್ತಾರೆ. ಈ ಕಡತ ವ್ಯವಸ್ಥೆ ಹಳೆಯದರ ಮೇಲೆ ಬರೆಯದೆ ಬದಲಾವಣೆಯನ್ನು ಬೇರೆ ಜಾಗದಲ್ಲಿ ಬರೆಯುವುದರಿಂದ ಸ್ನ್ಯಾಪ್‌ಶಾಟ್‌ಗೆ ಶುರುವಿನಲ್ಲಿ ಜಾಗವೇ ಬೇಕಾಗುವುದಿಲ್ಲ. ಇಲ್ಲೊಂದು ಕೊಕ್ಕೆ ಇದೆ. ಕರ್ನಲ್ ಇರುವ ಬೂಟ್ ಭಾಗ ಅನೇಕರಲ್ಲಿ ಡಿಸ್ಕಿನ ಪ್ರತ್ಯೇಕ ವಿಭಾಗದಲ್ಲಿ, ಫ್ಯಾಟ್ ಎಂಬ ಬೇರೆ ಕಡತ ವ್ಯವಸ್ಥೆಯಲ್ಲಿ ಇರುತ್ತದೆ, ಸ್ನ್ಯಾಪ್‌ಶಾಟ್ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ದೀರ್ಘಾವಧಿ ಬೆಂಬಲದ ಇನ್ನೊಂದು ಕರ್ನಲನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಒಂದು ಕೆಟ್ಟರೆ ಇನ್ನೊಂದರಿಂದ ಏಳಬಹುದು.

ಕಿಟಕಿಗಳ ಅಂಚು ಗುಂಡಗೆ ಮಾಡುವುದು, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲನ್ನು ಗಾಜಿನಂತೆ ಪಾರದರ್ಶಕ ಮಾಡುವುದು, ಇಂಥದಕ್ಕೆ ವಾರಗಟ್ಟಲೆ ಕೂರುವವರೂ ಇದ್ದಾರೆ. ಅದೊಂದು ಹವ್ಯಾಸ, ಮಾಡಲಿ. ಕರ್ನಲ್ಲನ್ನು ಅದರ ಮೂಲ ಕೋಡಿನಿಂದ ನಾವೇ ಕಟ್ಟಿಕೊಂಡರೆ (ಕಂಪೈಲ್ ಮಾಡಿದರೆ) ವೇಗ ಬರುತ್ತದೆ ಅನ್ನುವುದನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ.

ಬದಲಾವಣೆಯ ಅವಕಾಶ ನಿಜಕ್ಕೂ ಬೇಕಾಗುವುದು ಲಿಪಿಗಳ ವಿಷಯದಲ್ಲಿ. ಇಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಮದುವೆ ಕಾರ್ಡು ಮಾಡುವ ಡಿಟಿಪಿ ಅಂಗಡಿಯೊಂದರಲ್ಲಿ ಕೂತು ನೋಡಿ. ಕನ್ನಡದ ಕಾರ್ಡು ಮುಗಿಯುವಷ್ಟರಲ್ಲಿ ಉರ್ದುವಿನದು ಬರುತ್ತದೆ. ಆಳಂದದ ಕಡೆಯವರು ಮರಾಠಿಯಲ್ಲೂ ಕೇಳುತ್ತಾರೆ. ಇಂಗ್ಲಿಷಂತೂ ಇದ್ದೇ ಇದೆ. ಲಿನಕ್ಸ್‌ನಲ್ಲಿ ಕೀಬೋರ್ಡ್ ನೋಡಿಕೊಳ್ಳುವ ಎಕ್ಸ್‌ಕೆಬಿ ಏಕಕಾಲಕ್ಕೆ ನಾಲ್ಕು ವಿನ್ಯಾಸ ಇಟ್ಟುಕೊಳ್ಳಬಲ್ಲದು. ಕಗಪ ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್. ನಮ್ಮ ಊರಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ ಅಲ್ವಾ? ಸೇಡಂ ಕಡೆಯ ಗಿರಾಕಿ ತೆಲುಗು ಕೇಳಿದರೆ ಮಾತ್ರ ಐಬಸ್‌ನಂಥ ಬೇರೆ ಪ್ರೋಗ್ರಾಂ ಬೇಕು. ಉಪಯೋಗಕ್ಕೇ ಬಾರದ ಕ್ಯಾಪ್ಸ್‌ಲಾಕ್ ಕೀಯನ್ನು ಭಾಷೆ ಬದಲಿಸುವ ಕೀ ಮಾಡಿಕೊಳ್ಳಬಹುದು, ಅದಕ್ಕೂ ಒಂದೇ ಸಾಲು.

ಆಮೇಲೆ ಫಾಂಟು. ಉರ್ದು ಓದುವವರಿಗೆ ಒಗ್ಗಿರುವುದು ನಸ್ತಾಲೀಕ್ ಶೈಲಿ. ಅದರಲ್ಲಿ ಪದ ಬಲದಿಂದ ಎಡಕ್ಕೆ ಜಾರುತ್ತಾ ಇಳಿಯುತ್ತದೆ. ಕಂಪ್ಯೂಟರು ಸಾಮಾನ್ಯವಾಗಿ ತೋರಿಸುವುದು ನೇರ ಸಾಲಿನ ನಸ್ಖ್ ಶೈಲಿ. ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆಯ ಫೈಲಿನಲ್ಲಿ, ಭಾಷೆ ಉರ್ದು ಆದರೆ ನೋಟೋ ನಸ್ತಾಲೀಕ್ ತೋರಿಸು ಅಂತ ಒಂದು ನಿಯಮ ಬರೆದರೆ, ಅದನ್ನು ಕೇಳಿ ನಡೆಯುವ ಪ್ರೋಗ್ರಾಂಗಳೆಲ್ಲ ಹಾಗೇ ತೋರಿಸುತ್ತವೆ. ಮರಾಠಿಯದು ಇನ್ನೂ ಸೂಕ್ಷ್ಮ. ದೇವನಾಗರಿಯ ಲ, ಶ ಅಕ್ಷರಗಳ ಆಕಾರ ಮರಾಠಿಯಲ್ಲಿ ಹಿಂದಿಗಿಂತ ಬೇರೆ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎರಡಕ್ಕೂ ಸಂಕೇತ ಒಂದೇ. ಇದು ಮರಾಠಿ ಅಂತ ಭಾಷೆಯನ್ನು ಗುರುತಿಸಿ ಹೇಳಿದರೆ ಮಾತ್ರ ಫಾಂಟು ಸರಿಯಾದ ಆಕಾರ ತೆಗೆದುಕೊಡುತ್ತದೆ.

ಕನ್ನಡವೂ ಸುಲಭದ್ದಲ್ಲ. ಸ್ತ್ರೀ ಅನ್ನುವುದು ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿಗೆ ಆರು ಸಂಕೇತ. ಅವನ್ನು ಸೇರಿಸಿ, ಒತ್ತಕ್ಷರಗಳನ್ನು ಜಾಗಕ್ಕೆ ಕೂರಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಅದು ಇರುವ ಕಡೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇರುವುದು ಟರ್ಮಿನಲ್‌ನಲ್ಲಿ. ಆರ್ಚ್ ಬಳಸುವವರು ದಿನದ ಅರ್ಧ ಕಳೆಯುವುದು ಅಲ್ಲೇ. ಟೈಪ್‌ರೈಟರಿನ ಕಾಲದ ಲೆಕ್ಕದಂತೆ ಅದರ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಹಂಚಲಾಗಿದೆ, ಒಂದು ಚೌಕಕ್ಕೆ ಒಂದು ಅಕ್ಷರ. ಕನ್ನಡ ಆ ಚೌಕದೊಳಗೆ ಕೂರುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಬೀಳುತ್ತದೆ. ಇದಕ್ಕೆ ಫೈಲಿನಲ್ಲಿ ಬರೆಯುವ ಒಂದು ಸಾಲಿನ ಮದ್ದು ಇಲ್ಲ.

ಇದನ್ನೆಲ್ಲ ಡಿಟಿಪಿ ಅಂಗಡಿಯ ಗೆಳೆಯರೊಬ್ಬರಿಗೆ ತೋರಿಸಿದೆ. ಸಮಾಧಾನದಿಂದ ನೋಡಿದರು. ಆಮೇಲೆ ಕೇಳಿದರು: “ಎಲ್ಲಾ ಬರೋಬರಿ ಅದ ಸರ. ನಮ್ಮ ಹಳೀ ನುಡಿ ಫೈಲ್ ತಗೀತದೇನ್ರಿ?”

ಸರಿಯಾದ ಪ್ರಶ್ನೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಫೈಲುಗಳಲ್ಲಿ ಕನ್ನಡದ ಸಂಕೇತ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ, ಫಾಂಟು ಆ ಜಾಗದಲ್ಲಿ ಕನ್ನಡದ ತುಣುಕು ಬಿಡಿಸುತ್ತದೆ. ಅದೇ ಫಾಂಟು ಹಾಕಿದರೆ ಲಿಬ್ರೆಆಫೀಸಿನಲ್ಲೂ ಓದಬಹುದು. ಯೂನಿಕೋಡಿಗೆ ತಿರುಗಿಸಬೇಕಾದರೆ ಪರಿವರ್ತಕ ಬೇಕು. ಸೂರ್ಯ ಪದದಲ್ಲಿ ಹಳೆಯ ಫೈಲು ಯ ಆದ ಮೇಲೆ ಅರ್ಕಾವತ್ತು ಇಟ್ಟಿರುತ್ತದೆ, ಕಣ್ಣಿಗೆ ಕಂಡ ಕ್ರಮದಲ್ಲಿ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಮುಂದೆ ತರಬೇಕಾಗುತ್ತದೆ.

ಅವರ ಅಂಗಡಿಗೆ ಆರ್ಚ್ ಬೇಡ ಅಂದೆ. ಮದುವೆ ಸೀಸನ್‌ನಲ್ಲಿ ಅಪ್‌ಡೇಟ್ ಕೆಟ್ಟು ಕೂತರೆ ಗಿರಾಕಿ ಕಾಯುವುದಿಲ್ಲ. ಒಂದು ಕಂಪ್ಯೂಟರಿಗೆ ಮಿಂಟ್ ಹಾಕಿ, ನನ್ನ ಫಾಂಟಿನ ನಿಯಮ, ಕೀಬೋರ್ಡಿನ ಸಾಲು, ಬೇಸಿಗೆಯ ಟೈಮರ್ ಮೂರನ್ನೂ ಅದಕ್ಕೆ ನಕಲು ಮಾಡಿಕೊಟ್ಟೆ. ಅಕ್ಷರ ಜೋಡಿಸುವ ಕೆಲಸ ಈಗ ಅದರಲ್ಲಿ ನಡೆಯುತ್ತದೆ. ಕಾರ್ಡಿನ ವಿನ್ಯಾಸಗಳೆಲ್ಲ ಕೋರೆಲ್‌ಡ್ರಾ ಫೈಲುಗಳು. ಲಿನಕ್ಸ್‌ನಲ್ಲಿ ನಡೆಯುವ ಕೋರೆಲ್‌ಡ್ರಾ ಈಗ ಬರುವುದಿಲ್ಲ, ಇಂಕ್‌ಸ್ಕೇಪಿನಲ್ಲಿ ತೆರೆದರೆ ಪೂರ್ತಿ ಹಾಗೇ ಬರುತ್ತದೆ ಅಂತ ಭರವಸೆ ಇಲ್ಲ. ಅದಕ್ಕೆ ಪಕ್ಕದ ಟೇಬಲ್ಲಿನ ವಿಂಡೋಸ್ ಕಂಪ್ಯೂಟರನ್ನು ಅವರು ಹಾಗೇ ಇಟ್ಟುಕೊಂಡಿದ್ದಾರೆ.